ವಿಶ್ವವಿದ್ಯಾಲಯದ ಕಲೋತ್ಸವ: ಸ್ಪರ್ಧೆ ಮತ್ತು ಮೇಳ

1

ವಿಶ್ವವಿದ್ಯಾಲಯದ ಸಾಹಿತ್ಯವಿಭಾಗದಲ್ಲಿ ನಾವು ಕಾವ್ಯವನ್ನು ಓದಿಸುತ್ತೇವೆ, ವಿಮರ್ಶಿಸುತ್ತೇವೆ, ಅದರ ಚರಿತ್ರೆಯನ್ನು ಬರೆಯುತ್ತೇವೆ. ಕಾವ್ಯವನ್ನು ರಚಿಸುವ ಕೆಲಸ ಮಾತ್ರ ಬಹುಮಟ್ಟಿಗೆ ಪಠ್ಯಕ್ರಮದ ಹೊರಗೇ ಉಳಿದುಬಂದಿದೆ. ನಾಟಕವನ್ನು ಪಾಠ ಹೇಳುವ ಅಧ್ಯಾಪಕ ರಂಗವನ್ನು ಏರಬೇಕೆಂಬ ನಿಯಮವಿಲ್ಲ. ಛಂದಸ್ಸಿನ ಪ್ರಶ್ನೆಪತ್ರಿಕೆಗೆ ಉತ್ತರಿಸುವ ವಿದ್ಯಾರ್ಥಿ ಒಂದು ಷಟ್ಪದಿಯನ್ನಾದರೂ ಕಟ್ಟಬಲ್ಲನೇ ಎಂದು ಯಾರೂ ಕೇಳುವುದಿಲ್ಲ. ಈ ಕೊರತೆಯನ್ನು ತುಂಬುವ ಹೊಣೆ ವರ್ಷಕ್ಕೊಮ್ಮೆ ನಡೆಯುವ ಕಲೋತ್ಸವದ ಮೇಲೆ ಬಿದ್ದಿದೆ. ಆದರೆ ಅದನ್ನು ‘ಪಠ್ಯೇತರ ಚಟುವಟಿಕೆ’ ಎಂದು ಕರೆದು, ಪರೀಕ್ಷೆಗೆ ಮುಂಚಿನ ಮನರಂಜನೆಯೆಂಬಂತೆ ಕಾಣುವ ರೂಢಿ ನಮ್ಮಲ್ಲಿ ಬೆಳೆದುಬಂದಿದೆ.

ಕಲೋತ್ಸವದ ಸ್ವರೂಪವೇನು, ಅದರಲ್ಲಿ ಪಾಲ್ಗೊಳ್ಳತಕ್ಕವರು ಯಾರು, ಕರ್ನಾಟಕದ ಹೊರಗಿರುವ ಕನ್ನಡ ವಿಭಾಗಕ್ಕೆ ಅದರಿಂದ ಆಗಬೇಕಾದ ಪ್ರಯೋಜನವೇನು ಎಂಬ ಮೂರು ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲು ಯತ್ನಿಸಲಾಗಿದೆ. ನಮ್ಮ ದೇಶದ ವಿಶ್ವವಿದ್ಯಾಲಯಗಳಲ್ಲಿ ಕಲೋತ್ಸವದ ಎರಡು ಮಾದರಿಗಳು ಬೆಳೆದಿವೆ. ವಿದ್ಯಾರ್ಥಿಗಳು ಬಹುಮಾನಕ್ಕಾಗಿ ಸೆಣಸುವ ಯುವಜನೋತ್ಸವ ಒಂದು. ವಿದ್ಯಾರ್ಥಿಗಳೂ ಅಧ್ಯಾಪಕರೂ ಕೂಡಿ ನಿರ್ಮಿಸಿದ್ದನ್ನು ಜನರ ಮುಂದಿಡುವ ಮೇಳ ಇನ್ನೊಂದು. ಮೊದಲನೆಯದನ್ನು ಸ್ಪರ್ಧೆಯ ಮಾದರಿಯೆಂದೂ ಎರಡನೆಯದನ್ನು ಮೇಳದ ಮಾದರಿಯೆಂದೂ ಇಲ್ಲಿ ಕರೆದಿದೆ.

2

ಈ ಮಾದರಿಗಳ ವಿವೇಚನೆಗೆ ಮುನ್ನ ನಮ್ಮ ಕಾವ್ಯಮೀಮಾಂಸೆ ಈ ವಿಷಯದಲ್ಲಿ ಏನನ್ನು ಹೇಳಿದೆಯೆಂಬುದನ್ನು ನೆನೆಯುವುದು ಉಚಿತ. ಕಾವ್ಯಹೇತುಗಳನ್ನು ವಿವರಿಸುವಾಗ ಮಮ್ಮಟನು ಮೂರು ಅಂಶಗಳನ್ನು ಹೇಳುತ್ತಾನೆ. ಹುಟ್ಟಿನಿಂದ ಬಂದ ಶಕ್ತಿ ಒಂದು. ಲೋಕ, ಶಾಸ್ತ್ರ, ಕಾವ್ಯ ಮೊದಲಾದವುಗಳ ಅವಲೋಕನದಿಂದ ಬರುವ ನಿಪುಣತೆ ಇನ್ನೊಂದು. ಕಾವ್ಯವನ್ನು ಬಲ್ಲವರ ಶಿಕ್ಷಣದಲ್ಲಿ ಮಾಡುವ ಅಭ್ಯಾಸ ಮೂರನೆಯದು. ಇವು ಮೂರೂ ಬೇರೆಬೇರೆಯಾಗಿ ಕಾವ್ಯಕ್ಕೆ ಕಾರಣವಾಗುವುದಿಲ್ಲ, ಒಟ್ಟುಗೂಡಿಯೇ ಕಾರಣವಾಗುತ್ತವೆ ಎಂಬುದು ಅವನ ನಿಲುವು. ನಮ್ಮ ತರಗತಿಗಳು ಎರಡನೆಯದಾದ ನಿಪುಣತೆಯನ್ನು ಮಟ್ಟಿಗೆ ತಕ್ಕಂತೆ ಒದಗಿಸುತ್ತವೆ. ಅಭ್ಯಾಸಕ್ಕೆ ಅಲ್ಲಿ ಎಡೆ ಕಡಿಮೆ. ಆ ಎಡೆಯನ್ನು ಒದಗಿಸಿಕೊಡುವುದು ಕಲೋತ್ಸವಕ್ಕೆ ಸಾಧ್ಯ. ಅಭ್ಯಾಸವು ‘ಬಲ್ಲವರ ಶಿಕ್ಷಣದಲ್ಲಿ’ ನಡೆಯಬೇಕೆಂಬ ಮಾತನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ತಾನು ಎಂದೂ ಮಾಡದ ಕೆಲಸವನ್ನು ಇನ್ನೊಬ್ಬನಿಗೆ ಕಲಿಸುವುದು ಕಷ್ಟ. ಆದ್ದರಿಂದ ಕಲೋತ್ಸವದಲ್ಲಿ ಅಧ್ಯಾಪಕನು ಉದ್ಘಾಟನೆಯ ದೀಪ ಬೆಳಗಿಸಿ ಮುಂದಿನ ಸಾಲಿನ ಕುರ್ಚಿಯಲ್ಲಿ ಕುಳಿತುಬಿಟ್ಟರೆ ಸಾಲದು ಎಂಬ ತೀರ್ಮಾನ ಈ ಕಾರಿಕೆಯೊಳಗೇ ಅಡಗಿದೆ.

ಹತ್ತನೆಯ ಶತಮಾನದ ಆರಂಭದ ಸುಮಾರಿಗೆ ಬಾಳಿದ ರಾಜಶೇಖರನು ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ಕವಿಸಭೆಯೊಂದರ ವಿನ್ಯಾಸವನ್ನು ವರ್ಣಿಸಿದ್ದಾನೆ. ಅರಸನ ಪೀಠದ ಉತ್ತರಕ್ಕೆ ಸಂಸ್ಕೃತ ಕವಿಗಳು, ಪೂರ್ವಕ್ಕೆ ಪ್ರಾಕೃತ ಕವಿಗಳು, ಪಶ್ಚಿಮಕ್ಕೆ ಅಪಭ್ರಂಶ ಕವಿಗಳು, ದಕ್ಷಿಣಕ್ಕೆ ಭೂತಭಾಷೆಯ ಕವಿಗಳು ಕುಳಿತುಕೊಳ್ಳಬೇಕು. ಪ್ರಾಕೃತ ಕವಿಗಳ ಸಾಲಿನಲ್ಲಿಯೇ ನಟರು, ನರ್ತಕರು, ಗಾಯಕರು, ವಾದಕರು ಇರಬೇಕು. ಅಪಭ್ರಂಶ ಕವಿಗಳ ಸಾಲಿನಲ್ಲಿ ಚಿತ್ರಕಾರರು, ಅಕ್ಕಸಾಲಿಗರು, ಬಡಗಿಗಳು, ಕಮ್ಮಾರರು ಇರಬೇಕು. ಕವಿಯ ಪಕ್ಕದಲ್ಲಿ ಕಮ್ಮಾರನಿಗೂ ಪೀಠ ಉಂಟು. ಒಂದೇ ಸಭೆಯಲ್ಲಿ ನಾಲ್ಕು ಭಾಷೆಗಳಿಗೂ ಎಡೆ ಉಂಟು. ಇದು ಆದರ್ಶಚಿತ್ರವೇ ಆಗಿರಬಹುದು. ಆದರೆ ಕಲೆ, ಕುಶಲಕಲೆ ಹಾಗೂ ಭಾಷೆಗಳನ್ನು ಒಂದೇ ಆವರಣದಲ್ಲಿ ಕೂಡಿಸುವ ಕಲ್ಪನೆ ನಮಗೆ ಹೊಸದಲ್ಲವೆಂಬುದನ್ನು ಇದು ತೋರಿಸುತ್ತದೆ.

ಕನ್ನಡದ ಮಟ್ಟಿಗೆ ಹೇಳುವುದಾದರೆ, ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಈ ನಾಡಿನ ಜನರನ್ನು ಶಾಸ್ತ್ರೋಕ್ತವಾಗಿ ಓದದೆಯೂ ಕಾವ್ಯಪ್ರಯೋಗದಲ್ಲಿ ಪರಿಣತರಾದವರೆಂದು ಹೊಗಳಿದ್ದನ್ನು ನಾವೆಲ್ಲರೂ ಬಲ್ಲೆವು. ವಿಶ್ವವಿದ್ಯಾಲಯವೆಂಬುದು ಓದಿದವರ ನೆಲೆ. ಆದರೆ ಆ ನೆಲೆಯಲ್ಲಿಯೂ ಪದವಿಯ ಹಂಗಿಲ್ಲದೆ ಕಲೆಯನ್ನು ಬಲ್ಲವರು ಕಚೇರಿಯಲ್ಲಿ, ಗ್ರಂಥಾಲಯದಲ್ಲಿ, ಉಪಾಹಾರಗೃಹದಲ್ಲಿ ಇರುತ್ತಾರೆ.

3

ಈಗ ಸ್ಪರ್ಧೆಯ ಮಾದರಿಯನ್ನು ನೋಡಬಹುದು. ಸ್ವಾತಂತ್ರ್ಯಾನಂತರ ಕೇಂದ್ರ ಶಿಕ್ಷಣ ಸಚಿವಾಲಯವು 1954ರಲ್ಲಿ ದೆಹಲಿಯ ತಾಲಕಟೋರಾ ಉದ್ಯಾನದಲ್ಲಿ ಮೊದಲ ಅಂತರ ವಿಶ್ವವಿದ್ಯಾಲಯ ಯುವಜನೋತ್ಸವವನ್ನು ಏರ್ಪಡಿಸಿತು. ಬೇರೆಬೇರೆ ಪ್ರಾಂತಗಳ ತರುಣರು ಒಂದೆಡೆ ಸೇರಿ ಪರಸ್ಪರರ ಹಾಡು, ಕುಣಿತ, ನಾಟಕಗಳನ್ನು ಅರಿಯಬೇಕೆಂಬುದು ಅದರ ಆಶಯ. 1980ರ ದಶಕದ ಮಧ್ಯಭಾಗದಿಂದ ಭಾರತೀಯ ವಿಶ್ವವಿದ್ಯಾಲಯಗಳ ಸಂಘವು ಈ ಕಾರ್ಯವನ್ನು ಕೈಗೆತ್ತಿಕೊಂಡು, ವಲಯ ಮಟ್ಟ ಹಾಗೂ ರಾಷ್ಟ್ರಮಟ್ಟಗಳಲ್ಲಿ ನಡೆಸುತ್ತ ಬಂದಿದೆ. ಸಂಗೀತ, ನೃತ್ಯ, ರಂಗಕಲೆ, ಸಾಹಿತ್ಯ, ಲಲಿತಕಲೆ ಎಂಬ ಐದು ವಿಭಾಗಗಳಲ್ಲಿ ಸ್ಪರ್ಧೆಗಳು ನಡೆಯುತ್ತವೆ. ಏಕಾಂಕಕ್ಕೆ 30 ನಿಮಿಷ, ಪ್ರಹಸನಕ್ಕೆ 10 ನಿಮಿಷ, ಮೂಕಾಭಿನಯಕ್ಕೆ 5 ನಿಮಿಷ ಎಂದು ಕಾಲದ ಕಟ್ಟುಪಾಡುಗಳಿವೆ.

ಈ ಮಾದರಿಯ ಗುಣಗಳನ್ನು ಅಲ್ಲಗಳೆಯುವಂತಿಲ್ಲ. ಕಾಲದ ಮಿತಿ ಕಲಾವಿದನಿಗೆ ಸಂಯಮವನ್ನು ಕಲಿಸುತ್ತದೆ. ಅಪರಿಚಿತ ಪ್ರೇಕ್ಷಕರ ಎದುರು ನಿಲ್ಲಬೇಕಾದಾಗ ಮನೆಯವರ ಮೆಚ್ಚುಗೆಯ ಆಸರೆ ಇರುವುದಿಲ್ಲ. ನೆರೆಯ ಮರಾಠಿಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. 1963ರಿಂದ ಪುಣೆಯಲ್ಲಿ ನಡೆದುಬಂದಿರುವ ಪುರುಷೋತ್ತಮ ಕರಂಡಕ ಅಂತರ ಕಾಲೇಜು ಏಕಾಂಕ ಸ್ಪರ್ಧೆಯು ಮರಾಠಿ ರಂಗಭೂಮಿಗೆ ತಲೆಮಾರುಗಳ ನಟರನ್ನೂ ನಿರ್ದೇಶಕರನ್ನೂ ಒದಗಿಸಿದೆ. 1972ರಲ್ಲಿ ರಂಗಕ್ಕೆ ಬಂದ ವಿಜಯ ತೆಂಡೂಲ್ಕರರ ‘ಘಾಶೀರಾಮ ಕೊತವಾಲ’ವನ್ನು ನಿರ್ದೇಶಿಸಿದ ಜಬ್ಬಾರ ಪಟೇಲರೂ ಅದರಲ್ಲಿ ನಾನಾ ಫಡ್ನವೀಸನ ಪಾತ್ರವನ್ನು ವಹಿಸಿದ ಮೋಹನ ಆಗಾಶೆಯವರೂ ವೈದ್ಯಕೀಯ ಶಿಕ್ಷಣ ಪಡೆದವರು, ಕಾಲೇಜು ರಂಗದ ಮೂಲಕವೇ ನಾಟಕಕ್ಕೆ ಬಂದವರು. ಓದಿದ ಶಾಸ್ತ್ರ ಬೇರೆ, ಒಲಿದ ಕಲೆ ಬೇರೆಯಾದಾಗ ಅವೆರಡನ್ನೂ ಕೂಡಿಸುವ ಸೇತುವೆಯಾಗಿ ಕಾಲೇಜಿನ ರಂಗಮಂಚ ಇಲ್ಲಿ ಕೆಲಸ ಮಾಡಿದೆ.

ಈ ಮಾದರಿಯ ಮಿತಿಗಳೂ ಗಮನಾರ್ಹವಾಗಿವೆ. ಮೊದಲನೆಯದಾಗಿ, ರಾಷ್ಟ್ರಮಟ್ಟದ ಯುವಜನೋತ್ಸವದ ‘ಸಾಹಿತ್ಯ’ ವಿಭಾಗದಲ್ಲಿರುವುದು ರಸಪ್ರಶ್ನೆ, ಭಾಷಣ ಮತ್ತು ಚರ್ಚಾಸ್ಪರ್ಧೆಗಳು. ಕವಿತೆ, ಕಥೆ, ಪ್ರಬಂಧಗಳ ರಚನೆಗೆ ಅಲ್ಲಿ ಸ್ಥಾನವಿಲ್ಲ. ಸಾಹಿತ್ಯವೆಂದರೆ ವಾಕ್ಚಾತುರ್ಯ ಮತ್ತು ಮಾಹಿತಿಯ ನೆನಪು ಎಂಬ ಗ್ರಹಿಕೆ ಇದರಿಂದ ಅರಿಯದೆಯೇ ಗಟ್ಟಿಯಾಗುತ್ತದೆ. ಎರಡನೆಯದಾಗಿ, ಭಾಷಣ ಮತ್ತು ಚರ್ಚೆಗಳು ಹಿಂದಿ ಅಥವಾ ಇಂಗ್ಲಿಷಿನಲ್ಲಿ ನಡೆಯಬೇಕು. ಏಕಾಂಕವನ್ನು ಪ್ರಾದೇಶಿಕ ಭಾಷೆಯಲ್ಲಿ ಆಡಬಹುದಾದರೂ ಅದರ ಸಾರಾಂಶವನ್ನು ಆ ಎರಡು ಭಾಷೆಗಳಲ್ಲೊಂದರಲ್ಲಿ ಮುಂಚಿತವಾಗಿ ಒಪ್ಪಿಸಬೇಕು. ಆಡಳಿತದ ದೃಷ್ಟಿಯಿಂದ ಇದು ಅನಿವಾರ್ಯವಿರಬಹುದು. ಆದರೆ ಸಾರಾಂಶದಲ್ಲಿ ಉಳಿಯದ ಮಾತಿನ ಸೊಗಸು ತೀರ್ಪಿನಲ್ಲಿಯೂ ಉಳಿಯುವುದು ಕಷ್ಟ. ಮಾತಿಗಿಂತ ದೃಶ್ಯದ ಅಬ್ಬರವನ್ನು ನೆಚ್ಚುವ ಪ್ರವೃತ್ತಿ ತಂಡಗಳಲ್ಲಿ ತಾನಾಗಿ ಬೆಳೆಯುತ್ತದೆ. ಮೂರನೆಯದಾಗಿ, ಭಾಗವಹಿಸುವವರು 25 ವರ್ಷದೊಳಗಿನ ವಿದ್ಯಾರ್ಥಿಗಳಾಗಿರಬೇಕು. ಅಧ್ಯಾಪಕನಿಗೆ ಉಳಿಯುವ ಪಾತ್ರ ತಂಡವನ್ನು ಕರೆದೊಯ್ಯುವ ವ್ಯವಸ್ಥಾಪಕನದು. ಹಗಲು ದುಡಿದು, ತಡವಾಗಿ ಓದಿಗೆ ಬಂದ ಮೂವತ್ತೈದರ ಸ್ನಾತಕೋತ್ತರ ವಿದ್ಯಾರ್ಥಿಗೂ ಅಲ್ಲಿ ಎಡೆಯಿಲ್ಲ.

4

ಮೇಳದ ಮಾದರಿಯ ಮೂಲವನ್ನು ಶಾಂತಿನಿಕೇತನದಲ್ಲಿ ಅರಸಬೇಕಾಗುತ್ತದೆ. ರವೀಂದ್ರನಾಥ ಠಾಕೂರರು ತಮ್ಮ ಅನೇಕ ನಾಟಕಗಳನ್ನು ಆಶ್ರಮದ ವಿದ್ಯಾರ್ಥಿಗಳೂ ಅಧ್ಯಾಪಕರೂ ಕೂಡಿ ಆಡುವುದಕ್ಕೆಂದೇ ಬರೆದರು. 1908ರ ‘ಶಾರದೋತ್ಸವ’ ಅಂಥದೊಂದು ಕೃತಿ. ನಾಟಕಕಾರರಾದ ಅವರೇ ಪಾತ್ರಧಾರಿಯಾಗಿ ಹುಡುಗರ ನಡುವೆ ನಿಲ್ಲುತ್ತಿದ್ದರು. ‘ಚಿತ್ರಾಂಗದಾ’ (1936), ‘ಚಂಡಾಲಿಕಾ’ (1938), ‘ಶ್ಯಾಮಾ’ (1939) ನೃತ್ಯನಾಟಕಗಳು ಇದೇ ವಾತಾವರಣದಲ್ಲಿ ರೂಪುಗೊಂಡವು. ಇವು ಬಂಗಾಳಿ ಸಾಹಿತ್ಯಚರಿತ್ರೆಯಲ್ಲಿ ಸ್ಥಾನ ಪಡೆದ ಕೃತಿಗಳೆಂಬುದನ್ನು ನೆನೆದರೆ, ಸಂಸ್ಥೆಯೊಂದರ ಉತ್ಸವದ ಅಗತ್ಯವು ಶ್ರೇಷ್ಠ ಸೃಷ್ಟಿಗೂ ಪ್ರೇರಕವಾಗಬಲ್ಲುದೆಂಬುದು ಮನವರಿಕೆಯಾಗುತ್ತದೆ.

1919ರಲ್ಲಿ ಅಲ್ಲಿ ಆರಂಭವಾದ ಕಲಾಭವನವನ್ನು ನಂದಲಾಲ ಬಸು ಅವರು ದೀರ್ಘಕಾಲ ನಡೆಸಿದರು. ಅವರೂ ನಮ್ಮ ಮೈಸೂರು ಸಂಸ್ಥಾನದ ಕಲಾವಿದ ಕೆ. ವೆಂಕಟಪ್ಪನವರೂ ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದವರೆಂಬುದನ್ನು ಇಲ್ಲಿ ಸ್ಮರಿಸಬಹುದು. ನಂದಲಾಲರ ಜನ್ಮದಿನವಾದ ಡಿಸೆಂಬರ್ 3ರ ಮುನ್ನಾ ದಿನಗಳಲ್ಲಿ, ಎಂದರೆ 1 ಮತ್ತು 2ನೆಯ ತಾರೀಖುಗಳಂದು, ಕಲಾಭವನದ ಅಂಗಳದಲ್ಲಿ ‘ನಂದನ ಮೇಳ’ ನಡೆಯುತ್ತದೆ. 1973ರಲ್ಲಿ ಇದು ಆರಂಭವಾಯಿತು. ಚಿತ್ರ, ಶಿಲ್ಪ, ಮುದ್ರಣಕಲೆ, ವಿನ್ಯಾಸ, ಕಲೇತಿಹಾಸಗಳ ವಿದ್ಯಾರ್ಥಿಗಳೂ ಅಧ್ಯಾಪಕರೂ ತಾವು ತಯಾರಿಸಿದ ಚಿತ್ರಗಳು, ಮಣ್ಣಿನ ಪಾತ್ರೆಗಳು, ಮುಖವಾಡಗಳು, ಕ್ಯಾಲೆಂಡರುಗಳು, ಶುಭಾಶಯ ಪತ್ರಗಳು ಮೊದಲಾದುವನ್ನು ಮಾರಾಟಕ್ಕೆ ಇಡುತ್ತಾರೆ. ಬಂದ ಹಣ ವಿದ್ಯಾರ್ಥಿಗಳ ನೆರವಿನ ನಿಧಿಗೆ ಸಲ್ಲುತ್ತದೆ. ಹೆಸರಾಂತ ಕಲಾವಿದರಾದ ಅಧ್ಯಾಪಕರ ರಚನೆಯೂ ಮೊದಲ ವರ್ಷದ ವಿದ್ಯಾರ್ಥಿಯ ರಚನೆಯೂ ಒಂದೇ ಸಂತೆಯಲ್ಲಿ ಜನರ ಕೈಗೆ ಸಿಗುತ್ತವೆ.

ಇದಕ್ಕೂ ಮುನ್ನ, ಬರೋಡೆಯ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಲಲಿತಕಲಾ ನಿಕಾಯದಲ್ಲಿ 1961ರಲ್ಲಿ ಇಂಥ ಮೇಳವೊಂದು ಆರಂಭವಾಗಿತ್ತು. ಅಲ್ಲಿ ಅಧ್ಯಾಪಕರಾಗಿದ್ದ ಶಂಖೋ ಚೌಧುರಿ, ಕೆ.ಜಿ. ಸುಬ್ರಮಣ್ಯನ್ ಇಬ್ಬರೂ ಕಲಾಭವನದಲ್ಲಿ ಕಲಿತವರು. ಸುಬ್ರಮಣ್ಯನ್ನರು ಮೇಳಕ್ಕಾಗಿ ಆಟಿಕೆಗಳನ್ನು ಮಾಡಿದರು, ಮಕ್ಕಳಿಗಾಗಿ ಚಿತ್ರಪುಸ್ತಕಗಳನ್ನು ರಚಿಸಿದರು. ಆ ಆಟಿಕೆಗಳೂ ಪುಸ್ತಕಗಳೂ ಇಂದು ಅವರ ಕಲಾಸಾಧನೆಯ ಮಹತ್ತ್ವದ ಭಾಗವೆಂದು ಪರಿಗಣಿತವಾಗಿವೆ. ಮೇಳದ ನೆಪವಿಲ್ಲದಿದ್ದರೆ ಗಂಭೀರ ಚಿತ್ರಕಾರನೊಬ್ಬ ಮರದ ತುಂಡು, ಮಣಿ, ಚರ್ಮಗಳನ್ನು ಹಿಡಿದು ಕೂರುವ ಸಂದರ್ಭ ಬರುತ್ತಿತ್ತೇ ಎಂಬುದು ಯೋಚಿಸಬೇಕಾದ ಮಾತು. ಮೇಳವು ವಿದ್ಯಾರ್ಥಿಗೆ ಧೈರ್ಯವನ್ನು ಕೊಟ್ಟಂತೆ ಅಧ್ಯಾಪಕನಿಗೂ ತನ್ನ ಗಾಂಭೀರ್ಯದಿಂದ ಬಿಡುಗಡೆಯನ್ನು ಕೊಡುತ್ತದೆ.

5

ಕನ್ನಡದಲ್ಲಿಯೂ ಈ ಎರಡನೆಯ ಮಾದರಿಯ ಬೇರುಗಳಿವೆ. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದ ಕೊನೆಯಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘವು ಎ.ಆರ್. ಕೃಷ್ಣಶಾಸ್ತ್ರಿಗಳ ನೇತೃತ್ವದಲ್ಲಿ ‘ಪ್ರಬುದ್ಧ ಕರ್ನಾಟಕ’ವನ್ನು ಹೊರತಂದಿತು. ಕಾಲೇಜಿನ ಸಂಘವೊಂದರ ಪತ್ರಿಕೆ ಕನ್ನಡ ನವೋದಯದ ಮುಖ್ಯ ವೇದಿಕೆಗಳಲ್ಲೊಂದಾಗಿ ಬೆಳೆದು, ಮುಂದೆ ಮೈಸೂರು ವಿಶ್ವವಿದ್ಯಾಲಯದ ಪತ್ರಿಕೆಯಾಯಿತು. ಇಂಗ್ಲಿಷ್ ಅಧ್ಯಾಪಕರಾಗಿದ್ದ ಬಿ.ಎಂ. ಶ್ರೀಕಂಠಯ್ಯನವರು ರನ್ನನ ಕಾವ್ಯವನ್ನು ‘ಗದಾಯುದ್ಧ ನಾಟಕಂ’ ಆಗಿ ರೂಪಿಸಿದರು; ಗ್ರೀಕ್ ರುದ್ರನಾಟಕದ ಅಧ್ಯಯನದಿಂದ ‘ಅಶ್ವತ್ಥಾಮನ್’ ಹುಟ್ಟಿತು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತವನ್ನು ಬೋಧಿಸುತ್ತಿದ್ದ ಆದ್ಯ ರಂಗಾಚಾರ್ಯರು ‘ಶ್ರೀರಂಗ’ರಾಗಿ ಕನ್ನಡ ನಾಟಕದ ದಿಕ್ಕನ್ನು ಬದಲಿಸಿದವರಲ್ಲೊಬ್ಬರಾದರು. ಈ ಅಧ್ಯಾಪಕರ ಪಾಠಕ್ಕೂ ಸೃಷ್ಟಿಗೂ ನಡುವೆ ಗೋಡೆ ಇರಲಿಲ್ಲ. ಅಧ್ಯಾಪಕ ಬರೆಯುವುದನ್ನು ವಿದ್ಯಾರ್ಥಿ ಕಣ್ಣಾರೆ ಕಂಡ ಕಾಲವದು. ಅದರ ಫಲವನ್ನು ನಾವು ಇಂದು ಪಠ್ಯಪುಸ್ತಕಗಳಲ್ಲಿ ಓದುತ್ತಿದ್ದೇವೆ.

ಹೊರನಾಡಿನ ವಿಷಯಕ್ಕೆ ಬಂದರೆ ಚಿತ್ರ ಇನ್ನೊಂದು ರೀತಿಯಲ್ಲಿ ಕುತೂಹಲಕರವಾಗಿದೆ. ಮುಂಬಯಿಯ ಕನ್ನಡ ಸಾಹಿತ್ಯವನ್ನು ಕಟ್ಟಿದವರಲ್ಲಿ ಪ್ರಮುಖರಾದ ಅನೇಕರು ಕನ್ನಡ ಅಧ್ಯಾಪಕರಾಗಿರಲಿಲ್ಲ. ‘ಶಿಕಾರಿ’ಯ ಯಶವಂತ ಚಿತ್ತಾಲರು ರಸಾಯನ ತಂತ್ರಜ್ಞಾನವನ್ನು ಓದಿ ಉದ್ಯಮದಲ್ಲಿ ದುಡಿದವರು. ಜಯಂತ ಕಾಯ್ಕಿಣಿಯವರು ಜೀವರಸಾಯನಶಾಸ್ತ್ರವನ್ನು ಓದಿ ಔಷಧ ತಯಾರಿಕೆಯ ಕ್ಷೇತ್ರದಲ್ಲಿದ್ದವರು. ಚಿತ್ರಕಲೆಯಲ್ಲಿ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಸರ್ ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಅಲ್ಲಿಯೇ ಕೆಲಕಾಲ ಕಲಿಸಿದರು. 1926ರಲ್ಲಿ ಸ್ಥಾಪನೆಯಾದ ಮಾಟುಂಗಾದ ಮೈಸೂರು ಅಸೋಸಿಯೇಶನ್ ಮೊದಲಾದ ಸಂಸ್ಥೆಗಳ ರಂಗಗಳಲ್ಲಿ ಬಣ್ಣ ಹಚ್ಚಿದವರು ಬ್ಯಾಂಕಿನವರು, ಗಿರಣಿಯವರು, ಹೋಟೆಲಿನವರು. ಹಗಲು ಹೋಟೆಲಿನಲ್ಲಿ ದುಡಿದು ಸಂಜೆ ರಾತ್ರಿಶಾಲೆಗೆ ಹೋದವರು, ಶನಿವಾರ ರಾತ್ರಿ ಯಕ್ಷಗಾನದಲ್ಲಿ ಗೆಜ್ಜೆ ಕಟ್ಟಿದವರು ಈ ನಗರದ ಕನ್ನಡದ ಕಥೆಯಲ್ಲಿ ಉದ್ದಕ್ಕೂ ಇದ್ದಾರೆ. ಅಂದಮೇಲೆ ಇಲ್ಲಿಯ ಸೃಜನಶೀಲತೆಯ ನಿಜವಾದ ನೆಲೆ ವಿಶ್ವವಿದ್ಯಾಲಯದ ಹೊರಗೇ ಇದ್ದಿತು. ಅದನ್ನು ಒಳಗೆ ಬರಮಾಡಿಕೊಳ್ಳುವ ಬಾಗಿಲಾಗಿ ಕಲೋತ್ಸವ ಪರಿಣಮಿಸಬೇಕಾಗಿದೆ.

6

ಹೊರನಾಡಿನ ಕನ್ನಡ ವಿಭಾಗಗಳ ಇಂದಿನ ಸ್ಥಿತಿಯನ್ನು ಮರೆತು ಈ ವಿಷಯವನ್ನು ಚರ್ಚಿಸಲಾಗದು. ಕನ್ನಡ ಮಾಧ್ಯಮದ ಶಾಲೆಗಳು ಕಡಿಮೆಯಾಗುತ್ತಿವೆ. ವಿಭಾಗಕ್ಕೆ ಬರುವ ವಿದ್ಯಾರ್ಥಿಗಳು ಸಂಖ್ಯೆಯಲ್ಲಿ ಅಲ್ಪರು. ಅವರಲ್ಲಿ ಹಲವರ ಮನೆಮಾತು ತುಳು ಅಥವಾ ಕೊಂಕಣಿ; ಬೀದಿಯ ಮಾತು ಮರಾಠಿ, ತಮಿಳು, ತೆಲುಗು ಅಥವಾ ಹಿಂದಿ; ಉದ್ಯೋಗದ ಮಾತು ಇಂಗ್ಲಿಷ್. ಕನ್ನಡವು ಅವರಿಗೆ ಓದಿನ ಮತ್ತು ಒಲವಿನ ಭಾಷೆ. ಇಂಥ ವಿದ್ಯಾರ್ಥಿಯನ್ನು ವೇದಿಕೆಗೆ ಕರೆದು, ಉಚ್ಚಾರಣೆಯ ತಪ್ಪಿಗೆ ಅಂಕ ಕಳೆದು, ಮೂರನೆಯ ಬಹುಮಾನವನ್ನೂ ಕೊಡದೆ ಕಳಿಸಿದರೆ ಅವನು ಮತ್ತೆ ಬರುವನೆಂಬ ಭರವಸೆಯಿಲ್ಲ. ಹತ್ತು ಮಂದಿಯಿರುವ ತರಗತಿಯಲ್ಲಿ ಮೂವರನ್ನು ಗೆಲ್ಲಿಸಿ ಏಳು ಮಂದಿಯನ್ನು ಸೋಲಿಸುವ ಉತ್ಸವ ವಿಭಾಗಕ್ಕೆ ದುಬಾರಿಯಾದದ್ದು.

ಆದಕಾರಣ ನಮ್ಮಂಥ ವಿಭಾಗಗಳಿಗೆ ಮೇಳದ ಮಾದರಿಯೇ ತಕ್ಕುದೆಂದು ನನಗೆ ತೋರುತ್ತದೆ. ಇದಕ್ಕೆ ಎರಡು ಆಕ್ಷೇಪಗಳು ಬರುವುದು ಸಹಜ. ಬಹುಮಾನವಿಲ್ಲದಿದ್ದರೆ ಗುಣಮಟ್ಟ ಕುಸಿಯುತ್ತದೆ, ಎಲ್ಲವನ್ನೂ ಮೆಚ್ಚುವ ಸೌಜನ್ಯವಷ್ಟೇ ಉಳಿಯುತ್ತದೆ ಎಂಬುದು ಮೊದಲನೆಯದು. ಇದರಲ್ಲಿ ಸತ್ಯಾಂಶವಿದೆ. ಇದಕ್ಕೆ ಪರಿಹಾರವೆಂದರೆ ತೀರ್ಪಿನ ಸ್ಥಾನದಲ್ಲಿ ವಿಮರ್ಶೆಯನ್ನು ತರುವುದು. ಉತ್ಸವ ಮುಗಿದ ಮರುವಾರ ವಿಭಾಗದಲ್ಲಿ ಒಂದು ಗೋಷ್ಠಿ ನಡೆದು, ಪ್ರತಿಯೊಂದು ರಚನೆಯನ್ನೂ ಕುರಿತು ನಿರ್ದಾಕ್ಷಿಣ್ಯವಾದ, ಆದರೆ ಕಾರಣಸಹಿತವಾದ ಚರ್ಚೆಯಾಗಬೇಕು. ಅಧ್ಯಾಪಕರ ಕವಿತೆಯೂ ಆ ಚರ್ಚೆಗೆ ಒಳಗಾಗಬೇಕು. ಅಂಕಪಟ್ಟಿಯಲ್ಲಿ ಸಿಗದ ಶಿಕ್ಷಣ ಅಲ್ಲಿ ಸಿಗುತ್ತದೆ.

ಅಧ್ಯಾಪಕರು ಪಾಲ್ಗೊಂಡರೆ ವಿದ್ಯಾರ್ಥಿಗಳು ಅವರ ನೆರಳಿನಲ್ಲಿ ಮಂಕಾಗುತ್ತಾರೆಂಬುದು ಎರಡನೆಯ ಆಕ್ಷೇಪ. ನಾಯಕನ ಪಾತ್ರವನ್ನು ಪ್ರಾಧ್ಯಾಪಕರೇ ವಹಿಸಿ, ಪರದೆ ಎಳೆಯುವ ಕೆಲಸವನ್ನು ವಿದ್ಯಾರ್ಥಿಗಳಿಗೆ ಒಪ್ಪಿಸುವ ಪ್ರಸಂಗಗಳು ಇಲ್ಲದಿಲ್ಲ. ಆದುದರಿಂದ ಆಯೋಜನೆಯ ಅಧಿಕಾರ ವಿದ್ಯಾರ್ಥಿಗಳ ಸಮಿತಿಯ ಕೈಯಲ್ಲಿರಬೇಕು, ನಿರ್ದೇಶನ ಅವರದಾಗಿರಬೇಕು, ಅಧ್ಯಾಪಕರೂ ಕಚೇರಿಯ ಸಿಬ್ಬಂದಿಯೂ ಅವರು ಕೊಟ್ಟ ಪಾತ್ರವನ್ನು ವಹಿಸಬೇಕು. ಗ್ರಂಥಾಲಯದ ಸಹಾಯಕರು ಭಾಗವತಿಕೆ ಮಾಡಿ, ಪ್ರಾಧ್ಯಾಪಕರು ಕೋಡಂಗಿಯ ವೇಷ ಹಾಕುವ ಒಂದು ಸಂಜೆಯಿಂದ ವಿಭಾಗದ ಘನತೆ ಕುಂದುವುದಿಲ್ಲ.

7

ಕೊನೆಯಲ್ಲಿ, ಹಣದ ಬಲವಿಲ್ಲದ ಸಣ್ಣ ವಿಭಾಗವೂ ನಡೆಸಬಹುದಾದ ಕೆಲವು ಕಾರ್ಯಗಳನ್ನು ಸೂಚಿಸಬಯಸುತ್ತೇನೆ. ಮೊದಲನೆಯದು, ಕೈಬರಹದ ಪತ್ರಿಕೆ. ಕೀಲಿಮಣೆಯಲ್ಲಿ ಮಾತ್ರ ಕನ್ನಡವನ್ನು ಬರೆಯುವ ತಲೆಮಾರಿಗೆ ಅಕ್ಷರದ ಅಂದವನ್ನು ಪರಿಚಯಿಸಲು ಇದಕ್ಕಿಂತ ಸುಲಭದ ದಾರಿಯಿಲ್ಲ. ಚಿತ್ರ ಬಿಡಿಸುವವರಿಗೂ ಬರೆಯುವವರಿಗೂ ಇದರಲ್ಲಿ ಸಮಾನ ಕೆಲಸವಿದೆ. ಎರಡನೆಯದು, ಅನುವಾದದ ಸಂಜೆ. ನಾವು ನೆಲೆಸಿರುವ ಊರಿನ ಭಾಷೆಯ ಒಂದು ಕವಿತೆ ಅಥವಾ ಕಿರುನಾಟಕವನ್ನು ವಿದ್ಯಾರ್ಥಿಗಳು ಕನ್ನಡಕ್ಕೆ ತಂದು, ಮೂಲದೊಂದಿಗೆ ಓದಿ ತೋರಿಸಬೇಕು. ಹೊರನಾಡಿನ ವಿದ್ಯಾರ್ಥಿಯ ಬಹುಭಾಷಿಕತೆ ಅಲ್ಲಿ ಕೊರತೆಯಾಗಿ ಕಾಣದೆ ಬಂಡವಾಳವಾಗಿ ಒದಗುತ್ತದೆ. ಬೆಂಗಳೂರು, ಮೈಸೂರುಗಳ ವಿದ್ಯಾರ್ಥಿಗಿಂತ ಅವನು ಮುಂದಿರುವ ಕ್ಷೇತ್ರವಿದು. ಮೂರನೆಯದು, ಹಳಗನ್ನಡ ಅಥವಾ ನಡುಗನ್ನಡ ಪಠ್ಯದ ಒಂದು ಭಾಗವನ್ನು ರಂಗಕ್ಕೆ ಅಳವಡಿಸುವುದು. ರನ್ನನನ್ನೋ ಕುಮಾರವ್ಯಾಸನನ್ನೋ ಬಾಯಲ್ಲಿ ಆಡಿದವನಿಗೆ ಆ ಪಠ್ಯದ ಅನ್ವಯ ಬೇರೆಯಾಗಿ ಹೇಳಿಕೊಡಬೇಕಾಗುವುದಿಲ್ಲ.

ನಾಲ್ಕನೆಯದು ದಾಖಲೆ. ನಮ್ಮ ಉತ್ಸವಗಳ ದೊಡ್ಡ ದೋಷವೆಂದರೆ ಅವು ಚಪ್ಪಾಳೆಯೊಂದಿಗೆ ಕೊನೆಗೊಳ್ಳುತ್ತವೆ. ಆಡಿದ ನಾಟಕದ ಹಸ್ತಪ್ರತಿ, ಪಾತ್ರಧಾರಿಗಳ ಹೆಸರು, ಓದಿದ ಕವಿತೆಗಳ ಪ್ರತಿ, ಛಾಯಾಚಿತ್ರ, ದಿನಾಂಕ ಇಷ್ಟನ್ನು ಒಂದು ಸಂಪುಟವಾಗಿ ಕಟ್ಟಿ ಪ್ರತಿವರ್ಷವೂ ವಿಭಾಗದ ಗ್ರಂಥಾಲಯದಲ್ಲಿ ಇರಿಸಬೇಕು. ಹೊರನಾಡ ಕನ್ನಡದ ಚರಿತ್ರೆಯನ್ನು ಬರೆಯಲು ಹೊರಡುವ ಸಂಶೋಧಕನಿಗೆ ಸಂಘಸಂಸ್ಥೆಗಳ ಸ್ಮರಣ ಸಂಚಿಕೆಗಳೇ ಎಷ್ಟೋ ಸಲ ಮುಖ್ಯ ಆಕರಗಳಾಗಿವೆ. ನಾಳಿನ ಸಂಶೋಧಕನಿಗೆ ನಾವೂ ಆಕರವನ್ನು ಉಳಿಸಬೇಕಷ್ಟೆ.

ಸ್ಪರ್ಧೆಯ ಮಾದರಿಯನ್ನು ಕೈಬಿಡಬೇಕೆಂದು ಇಲ್ಲಿ ವಾದಿಸುತ್ತಿಲ್ಲ. ಸಮರ್ಥರಾದ ವಿದ್ಯಾರ್ಥಿಗಳು ವಿಶ್ವವಿದ್ಯಾಲಯದ ಯುವಜನೋತ್ಸವಕ್ಕೆ ಹೋಗಲಿ, ಗೆದ್ದು ಬರಲಿ. ಆದರೆ ಅದಕ್ಕೆ ಮುಂಚೆ ಸೋಲುಗೆಲುವಿನ ಭಯವಿಲ್ಲದೆ ಬರೆಯುವ, ಹಾಡುವ, ಬಿಡಿಸುವ, ಆಡುವ ಒಂದು ಅಂಗಳ ಅವರಿಗೆ ತಮ್ಮ ವಿಭಾಗದಲ್ಲಿಯೇ ದೊರೆಯಬೇಕು. ಆ ಅಂಗಳದಲ್ಲಿ ಅವರ ಗುರುಗಳೂ ಕೈ ಕೆಸರು ಮಾಡಿಕೊಂಡು ನಿಂತಿರಬೇಕು. ಕರ್ನಾಟಕದಲ್ಲಿ ಕನ್ನಡ ವಿಭಾಗವು ಪಾಠ ಹೇಳಿ ಸುಮ್ಮನಿದ್ದರೂ ಹೊರಗಿನ ಬೀದಿಯಲ್ಲಿ ಕನ್ನಡವಿರುತ್ತದೆ. ಹೊರನಾಡಿನಲ್ಲಿ ಆ ಸೌಕರ್ಯವಿಲ್ಲ. ಇಲ್ಲಿ ವಿದ್ಯಾರ್ಥಿಯೊಬ್ಬ ಕನ್ನಡದಲ್ಲಿ ನಗುವ, ಜಗಳವಾಡುವ, ಹಾಡು ಕಟ್ಟುವ ಸ್ಥಳವನ್ನು ವಿಭಾಗವೇ ನಿರ್ಮಿಸಿಕೊಡಬೇಕಾಗುತ್ತದೆ. ಮುಂದಿನ ಶೈಕ್ಷಣಿಕ ವರ್ಷದ ವೇಳಾಪಟ್ಟಿಯನ್ನು ಸಿದ್ಧಪಡಿಸುವಾಗ ಪರೀಕ್ಷೆಯ ದಿನಾಂಕಗಳೊಡನೆ ಮೇಳದ ಎರಡು ದಿನಗಳನ್ನೂ ಗುರುತು ಹಾಕಿಕೊಳ್ಳುವುದರಿಂದ ಈ ಕಾರ್ಯವನ್ನು ಆರಂಭಿಸಬಹುದು.